ನೀಲವ್ವನ ಟೊಂಗೆ

ಆರ್.ಟಿ. ನಗರ
೨೩ ನವೆಂಬರ್ ೧೯೮೧, ಸೋಮವಾರ

ಪ್ರೀತಿಯ ನಿಂಗವ್ವ ಅವರಿಗೆ,

ಹದಿನಾಲ್ಕು ತಿಂಗಳಿಂದ ನಿಮ್ಮ ಬಾಗಿಲಲ್ಲಿ ನೀವು ನೀರೆರೆಯುತ್ತಿರುವ ಮಾವಿನ ಕಸಿಗಿಡ ನಿಮ್ಮ ನೀಲವ್ವನದಲ್ಲ. ನೀಲವ್ವನ ಸಸಿಯ ಬೇರನ್ನು ನಾನು ಕೊಂದೆ. ಕೊಂದು, ಬೇರೊಂದು ಗಿಡವನ್ನು ನಿಮ್ಮ ಕೈಗಿಟ್ಟೆ.

ಕ್ಷೇಮ ಸಮಾಚಾರದ ಸಾಲು ಬರೆಯಲು ಕೈ ಬರಲಿಲ್ಲ. ನೀವು ಅಕ್ಷರ ಕಲಿತದ್ದು ನನ್ನ ತರಗತಿಯಲ್ಲಿ ತಾನೆ? ಇದನ್ನು ನೀವೇ ಓದಿ. ಯಶವಂತಪುರದ ನಿಮ್ಮ ವಠಾರದವರಿಂದ ಓದಿಸಬೇಡಿ.

ಹೆಬ್ಬಾಳ ಕೆರೆ ಏರಿಯ ಕೆಳಗೆ ನಾವು ಇಪ್ಪತ್ತು ಮನೆಯವರು ಸೇರಿ ತೋಟ ಮಾಡಿದಾಗ ಗೇಟಿನ ಹಲಗೆ ಬರೆದವಳು ನಾನು: ‘ಇಲ್ಲಿನ ಹಣ್ಣಿಗೆ ಒಡೆಯರಿಲ್ಲ.’ ನನ್ನ ಚೀಲದಲ್ಲಿ ಆಗ ಬುತ್ತಿಗಿಂತ ಕರಪತ್ರಗಳೇ ಹೆಚ್ಚಿರುತ್ತಿದ್ದವು. ಜ್ವರದಲ್ಲಿ ಹೋದ ಮಗಳು ನೀಲವ್ವ ಕೊನೆಯದಾಗಿ ತಿಂದ ಹಣ್ಣಿನ ವಾಟೆಯಿಂದ ಮೊಳೆತದ್ದು ಎಂದು ನೀವು ಎಣ್ಣೆ ಡಬ್ಬದ ಸಸಿಯನ್ನು ಸೊಂಟದ ಮೇಲೆ ಹೊತ್ತು ತಂದಿರಿ. “ಚಾಕು ಮುಟ್ಟಾಕಿ ಅಲ್ಲವ್ವಾ ನಮ್ಮ ನೀಲಿ. ತುದಿಗೆ ಹಲ್ಲಿಲೆ ತೂತ ಮಾಡಿ ಹೀರಾಕಿ” ಎಂದಿರಿ. ನಾನು ಒಳಗೊಳಗೇ ನಕ್ಕಿದ್ದೆ.

ಸರ್ದಾರ್ ಸಾಹೇಬರು ತೋಟಗಾರಿಕೆಯಲ್ಲೇ ತಲೆ ನರೆಸಿಕೊಂಡವರು. ತೋಟದ ಹಳೇ ಮಾವಿನ ಮರದ ಸುತ್ತ ಅಟ್ಟ ಕಟ್ಟಿಸಿ, ಸಸಿಗಳ ಎಂಟು ಡಬ್ಬ ಮೇಲೇರಿಸಿ, ಸಸಿಯ ಮೈಯನ್ನೂ ಮರದ ಎಳೆ ಕೊಂಬೆಯ ಮೈಯನ್ನೂ ಸೀಳಿ, ಗಾಯಕ್ಕೆ ಗಾಯ ಒತ್ತಿ ಬಿಗಿಯುವುದನ್ನು ಕಲಿಸಿದರು. ಮೂರು ತಿಂಗಳಿಗೆ ಎರಡೂ ಬೆಸೆದುಕೊಂಡವು. ಇನ್ನು ಬೆಸುಗೆಯ ಕೆಳಗೆ ಮರದ ಕೊಂಬೆಯನ್ನು, ಬೆಸುಗೆಯ ಮೇಲೆ ಸಸಿಯ ತಲೆಯನ್ನು ಕೊಯ್ಯಬೇಕು. ಆಗ ಸಸಿಯ ಬೇರಿನ ಮೇಲೆ ಮರದ ಕೊಂಬೆ ಉಳಿಯುತ್ತದೆ.

ಕೊಯ್ಯುವ ದಿನ ಎಲ್ಲರಿಗಿಂತ ಮೊದಲು ಬಂದವಳು ನಾನು. ಎಂಟೂ ಗಿಡಗಳಿಗೆ ಕೆಂಪು ದಾರ ಸುತ್ತಿತ್ತು. ತಾಯತವೆಂದು ನನಗೆ ಮೈಯುರಿಯಿತು. ಮೂಢನಂಬಿಕೆಯನ್ನು ಕಂಡಲ್ಲೇ ಕತ್ತರಿಸಿ ಎಂದು ಕರಪತ್ರದಲ್ಲಿ ಓದಿದ್ದೆನಲ್ಲ, ಎಲ್ಲವನ್ನೂ ಕತ್ತರಿಸಿ ಎಸೆದೆ. ಅದೇ ಬಿಸಿಯಲ್ಲಿ ಮೊದಲನೇ ಡಬ್ಬಕ್ಕೆ ಚಾಕು ಹಾಕಿದೆ. ಅದು ನೀಲವ್ವನ ಸಸಿ. ಬೆಸುಗೆಯ ಮೇಲೆ ಕೊಯ್ಯಬೇಕಾದ ಸಸಿಯನ್ನು ಬೆಸುಗೆಯ ಕೆಳಗೆ ಕೊಯ್ದುಬಿಟ್ಟೆ.

“ದಾರ ಎಲ್ಲಮ್ಮಾ ಮಲ್ಕಾ? ಎಲ್ಲಿ ಕುಯ್ಬೇಕು ಅಂತ ಗುರುತು ಕಟ್ಟಿದ್ನಲ್ಲ! ತಾಯತಾನಾ? ಓದಿದ್ದು ಜಾಸ್ತಿ ಆಯ್ತು ನಿಂಗೆ” ಎಂದು ಸಾಹೇಬರು ತಲೆ ಹಿಡಿದು ಕೂತರು. ಉಳಿದ ಏಳನ್ನು ಅವರೇ ಕೊಯ್ದರು. ನೀವು ಏರಿ ಇಳಿದು ಬರುವುದು ಕಾಣಿಸಿತು. ಏಳರಲ್ಲಿ ನನ್ನದೂ ಒಂದಿತ್ತು. ಅದನ್ನು ನಿಮ್ಮ ಡಬ್ಬಕ್ಕೆ ಬದಲಾಯಿಸಿ ಕೊಟ್ಟೆ. “ಹೇಳ್ಬಿಡು ಬೇಟಿ” ಎಂದರು ಸಾಹೇಬರು. ನಾಳೆ ಎಂದೆ.

ನೀಲವ್ವನ ಸಸಿಯ ತಲೆ ಸಾಯಲಿಲ್ಲ. ಬೇರು ಕಳೆದುಕೊಂಡು, ಮರವನ್ನೇ ತಬ್ಬಿ, ಮರದ ನೀರು ಕುಡಿದು ಟೊಂಗೆಯಾಯಿತು. ಇಲ್ಲಿಯವರೆಗೆ ವಿಜ್ಞಾನ. ಮುಂದಿನದಕ್ಕೆ ನನ್ನಲ್ಲಿ ಕರಪತ್ರವಿಲ್ಲ.

ಮರದ ಎಲ್ಲ ಟೊಂಗೆಗಳೂ ಕೆರೆಯ ಬೆಳಕಿನತ್ತ ಬಾಗಿವೆ. ಅದೊಂದು ಮಾತ್ರ ಬೆಳಕಿಗೆ ಬೆನ್ನು ಹಾಕಿ ಯಶವಂತಪುರದ ದಿಕ್ಕಿಗೆ ಚಾಚಿದೆ. “ಇದ್ಯಾಕವ್ವಾ ಇಂಗೆ ತಿರುಗೈತೆ? ಬಾಗ್ಲಲ್ಲಿ ಅವ್ವನ್ನ ಕಾಯೋ ಮಗಾ ಇದ್ದಂಗೈತೆ” ಎಂದಳು ತೋಟದ ಕಸ ಗುಡಿಸುವ ಮುನಿಕೆಂಪಮ್ಮ. ಅದರ ಕೆಳಗೆ ಗುಡಿಸುವುದನ್ನೇ ಬಿಟ್ಟಿದ್ದಾಳೆ.

ವಾಟೆಯಿಂದ ಬಂದ ಗಿಡ ಐದಾರು ವರ್ಷ ಹೂ ಬಿಡದು ಎಂದು ಸಾಹೇಬರೇ ಕಲಿಸಿದ್ದರು. ಇದು ಆಷಾಢದಲ್ಲಿ ಹೂ ಬಿಟ್ಟು, ಊರಲ್ಲಿ ಎಲ್ಲೂ ಮಾವಿಲ್ಲದ ಈ ತಿಂಗಳಲ್ಲಿ ಮೂರು ಹಣ್ಣು ಕೊಟ್ಟಿತು. ಮೊದಲನೆಯದರ ತುದಿಯಲ್ಲಿ ತೂತಿತ್ತು. ಗಿಳಿ ಎಂದೆ. ಎರಡನೆಯದಕ್ಕೆ ಬಟ್ಟೆ ಚೀಲ ತೊಡಿಸಿ ಮೂರು ಗಂಟು ಬಿಗಿದೆ. ಗಂಟು ಹಾಕಿದಂತೆಯೇ ಇತ್ತು, ಬಟ್ಟೆ ಎಲ್ಲೂ ಹರಿದಿರಲಿಲ್ಲ. ಒಳಗೆ ಹೀರಿ ಬಿಟ್ಟ ಸಿಪ್ಪೆ, ತುದಿಯಲ್ಲಿ ತೂತು, ಅದರ ಸುತ್ತ ಸಣ್ಣ ಹಲ್ಲುಗಳ ಸಾಲು.

ಕಾಡು ಟೊಂಗೆ ಮರದ ಸತ್ವ ತಿನ್ನುತ್ತದೆ, ಬರುವ ಸೋಮವಾರ ಅದನ್ನು ಕಡಿಯಬೇಕು ಎಂದು ನಿನ್ನೆಯ ಸಭೆ ತೀರ್ಮಾನಿಸಿತು. ಮೊದಲು ಕೈ ಎತ್ತಿದವಳು ನಾನೇ. ಮರದ ಮೇಲಿನ ಕಾಳಜಿ ಎಂದು ಎಲ್ಲರೂ ತಿಳಿದರು. ಅದು ಹೆದರಿಕೆ.

ಒಡೆಯರಿಲ್ಲವೆಂದು ಹಲಗೆ ಬರೆದ ಕೈಯಿಂದಲೇ ಈಗ ಬರೆಯುತ್ತೇನೆ: ಆ ಟೊಂಗೆಗೆ ಒಡತಿ ಇದ್ದಾಳೆ. ಉಳಿಸುವುದೋ ಕಡಿಯುವುದೋ ನೀವೇ ನೋಡಿ ಹೇಳಬೇಕು. ಕಡಿಯುವುದು ಬೇಡವೆಂದು ನೀವು ಹೇಳಿದರೆ ಕೊಡಲಿಗೆ ನಾನು ಅಡ್ಡ ನಿಲ್ಲುತ್ತೇನೆ. ಕ್ಷಮೆಯನ್ನು ಈ ಕಾಗದದಲ್ಲಿ ಕೇಳುವುದಿಲ್ಲ, ಎದುರಿಗೆ ನಿಂತು ಕೇಳುತ್ತೇನೆ.

ನಿಮಗೆ ಅಕ್ಷರವನ್ನೂ ಸುಳ್ಳನ್ನೂ ಕೊಟ್ಟ
ಮಲ್ಕಾ

ತಾ.ಕ.: ನಿಮ್ಮ ಬಾಗಿಲ ಗಿಡದ ಬೇರು ನಾನು ಹಣ್ಣು ತಿಂದು ಹೂತ ವಾಟೆಯದು. ಶಾಲೆ ಬಿಡುವ ಹೊತ್ತಿಗೆ ನೀವು ಅದನ್ನು ಮಗಳ ಹೆಸರಿಟ್ಟು ಕರೆಯುತ್ತೀರಾ? ಆ ಡಬ್ಬ ಕೊಟ್ಟಂದಿನಿಂದ ದಿನವೂ ಸಂಜೆ ನಾಲ್ಕಕ್ಕೆ ನನ್ನ ಕಿವಿಯ ಹಿಂದೆ ಯಾರೋ “ನೀಲೀ” ಎನ್ನುತ್ತಾರೆ. ಮೊನ್ನೆ “ಬಂದೆ ಯವ್ವಾ” ಎಂದುಬಿಟ್ಟೆ. ಹಾಗೆ ಕರೆಯುವ ಮಾತು ನಮ್ಮ ಮನೆಯದಲ್ಲ. ಅಮ್ಮಿ ಒಲೆ ಬಿಟ್ಟು ಎದ್ದು ಬಂದು ನನ್ನ ಮುಖವನ್ನೇ ನೋಡಿದಳು. ಮೂರನೇ ಹಣ್ಣು ಇನ್ನೂ ಇಡಿಯಾಗಿದೆ. ನಿಮಗೆ ಗುರುತು ಸಿಗಲೆಂದು ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿದ್ದೇನೆ. ಇದೇ ಭಾನುವಾರ, ಇಪ್ಪತ್ತೊಂಬತ್ತನೇ ತಾರೀಖು, ಸಂಜೆ ನಾಲ್ಕಕ್ಕೆ, ತೋಟದ ಗೇಟಿನಲ್ಲಿ ಕಾಯುತ್ತೇನೆ.