ಆ ಗಾಳಿಯಲ್ಲಿ ನಾನು ಮೇಲೇರಲಿಲ್ಲ

ಪುಟ್ಟಿ,

ಸಿಟ್ಟಿನಲ್ಲೇ ಓದು, ಪರವಾಗಿಲ್ಲ. ಆದರೆ ಪೂರ್ತಿ ಓದು.

ಆಸ್ಪತ್ರೆಯವರು ಮಗುವನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನಿನ್ನ ಮಡಿಲಿಗೆ ಕೊಟ್ಟರಂತೆ. ನಿನ್ನ ಗಂಡ ಫೋನು ಮಾಡಿ ಹೇಳಿದ. ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಆಸ್ಪತ್ರೆಯ ಗೇಟಿನವರೆಗೂ ಬಂದು ವಾಪಸ್ಸಾದೆ. "ಅಕ್ಕ ನನ್ನ ಕಣ್ಣೆದುರಿಗೆ ಬರೋದು ಬೇಡ" ಅಂತ ನೀನು ಹೇಳಿದ್ದು ಕಾಲು ಕಟ್ಟಿಹಾಕಿತು.

ಅವತ್ತು ನೀನು ವಿಮಾನದ ಹಿಂಬದಿಯಲ್ಲಿ ಹೆರಿಗೆ ನೋವು ತಿನ್ನುತ್ತಾ ಮಲಗಿದ್ದೆ. ನಿನಗೆ ಕಾಣದ್ದನ್ನು ಹೇಳಬೇಕು. ರಸ್ತೆಯಲ್ಲಿ ಹೋದರೆ ಆಸ್ಪತ್ರೆಗೆ ಅರ್ಧ ದಿನ. ಅದಕ್ಕೇ ಅಲ್ಲವೇ ನಿನ್ನನ್ನು ನನ್ನ ಪುಟ್ಟ ವಿಮಾನಕ್ಕೆ ಹತ್ತಿಸಿಕೊಂಡದ್ದು? ದೂರದಲ್ಲಿ ಒಂದು ಕರಿಮೋಡ ಜೋತುಬಿದ್ದಿತ್ತು, ಅಷ್ಟೇ. ನಮಗಿಂತ ಮುಂಚೆ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಹೊರಟಿತು. ಎದುರುಗಾಳಿಗೆ ಚೆನ್ನಾಗಿಯೇ ಎದ್ದಿತು. ರನ್‌ವೇ ಕೊನೆಯ ಬೇಲಿ ದಾಟುವ ಮುಂಚೆ ಗಾಳಿ ತಟ್ಟನೆ ತಿರುಗಿ ಹಿಂದಿನಿಂದ ಬೀಸಿತು. ರೆಕ್ಕೆಗೆ ಆಸರೆಯೇ ಇಲ್ಲದಂತಾಗಿ, ಯಾರೋ ಮೇಲಿನಿಂದ ಅದುಮಿದ ಹಾಗೆ ವಿಮಾನ ಕುಸಿಯಿತು. ಚಕ್ರ ತಾಗಿ ಬೇಲಿಯ ತಂತಿ ಹರಿಯಿತು. ಅದು ಹಗುರವಿತ್ತು: ಔಷಧಿಯ ತೊಟ್ಟಿ ಖಾಲಿ, ಒಳಗೆ ಪೈಲಟ್ ಒಬ್ಬನೇ. ಹೇಗೋ ಎದ್ದು ಪಾರಾದ. ರೇಡಿಯೋದಲ್ಲಿ ಕೂಗಿಕೊಂಡ: "ಬರಬೇಡಿ, ಬರಲೇಬೇಡಿ! ಗಾಳಿ ಕೈಕೊಡ್ತಿದೆ!"

ನಮ್ಮಲ್ಲೋ ನೀನು, ದಾದಿ, ನಾನು, ತುಂಬಿದ ಟ್ಯಾಂಕು. ನಾನು ಎಂಜಿನ್ ಆರಿಸಿದೆ.

"ಯಾಕೆ ನಿಲ್ಲಿಸ್ದೆ? ಹೊರಡೇ ಅಕ್ಕಾ! ನನ್ನ ಮಗು ಸಾಯತ್ತೆ ಕಣೇ!" ಎಂದು ನೀನು ನನ್ನ ಸೀಟನ್ನು ಒದ್ದೆ. "ಗಾಳಿ ನಿಲ್ಲಲಿ" ಎಂದೆ. ಮಳೆ ರೆಕ್ಕೆಗೆ ಬಡಿಯುತ್ತಿರುವಾಗಲೇ ನಿಂತ ವಿಮಾನದಲ್ಲಿ ಹೆಣ್ಣುಮಗು ಹುಟ್ಟಿತು. ಅಳಲಿಲ್ಲ. ದಾದಿ ಬೆನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಕೊನೆಗೆ ಬೆಕ್ಕಿನ ಮರಿಯಂಥ ಒಂದು ದನಿ. ಮೋಡ ಸರಿದು, ಗಾಳಿ ಒಂದೇ ಕಡೆಗೆ ಬೀಸತೊಡಗಿದ ಮೇಲೆ ಹಾರಿಸಿದೆ. ನಿಮ್ಮಿಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದೆ.

ಈಗಲೂ ಕಿಟಕಿ ಬಡಿದರೆ ಎದ್ದು ಓಡುತ್ತೇನೆ, ಮರದ ಎಲೆ ಯಾವ ಕಡೆಗೆ ವಾಲಿದೆ ಎಂದು ನೋಡಲು. ಒಲೆಯ ಮೇಲಿನ ಹಾಲು ಉಕ್ಕಿಹೋಗುತ್ತದೆ. ಮಗು ಉಸಿರೆತ್ತದೇ ಹೋಗಿದ್ದರೆ? ರಾತ್ರಿಯೆಲ್ಲ ಅದೇ ಯೋಚನೆ ಪುಟ್ಟಿ. ಆದರೂ ಸುಳ್ಳು ಹೇಳಿ ನಿನ್ನ ಬಾಗಿಲು ತೆರೆಸಲಾರೆ. ನಾಳೆ ಅಂಥದೇ ಗಾಳಿ ಬಂದರೆ, ನೀನು ಹಾಗೆಯೇ ಕೂಗಿದರೂ, ನಾನು ವಿಮಾನ ಏರಿಸುವುದಿಲ್ಲ. ಇಷ್ಟು ತಿಳಿದ ಮೇಲೂ ಮಗುವನ್ನು ಅವಳ ದೊಡ್ಡಮ್ಮನ ಕೈಗೆ ಕೊಡುವೆಯಾದರೆ ಕರೆ, ಓಡಿ ಬರುತ್ತೇನೆ. ಕೊಡಲಾರೆ ಎಂದರೂ ನಿನ್ನ ಮೇಲೆ ಬೇಸರವಿಲ್ಲ.

ಅವಳ ಉಸಿರಿಗೆ ನನ್ನ ಆಯುಸ್ಸೂ ಸೇರಲಿ.

ಇಂತಿ,
ನಿನ್ನ ಅಕ್ಕ