ಪರದೆಯಾಚೆ ಜಾರಿದ ಸೆರಗು

ದೊಡ್ಡಬಳ್ಳಾಪುರ
೧೨-೮-೧೯೯೮

ಅಪ್ಪನಿಗೆ ಸುಕನ್ಯಳ ನಮಸ್ಕಾರಗಳು.

ನೀವು ಹೇಳದೆ ಕೇಳದೆ ಸಮೇತನಹಳ್ಳಿಗೆ, ಅಕ್ಕನ ಮನೆಗೆ ಹೊರಟುಹೋದದ್ದಕ್ಕೆ ನನಗೆ ಕೋಪವಿಲ್ಲ. ದಣಿವಾಗಿದೆ, ಅಷ್ಟೆ.

ಅವತ್ತು ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಸೀರೆಯ ಸೆರಗಿನ ಡಿಸೈನ್ ನೋಡಿ, "ಅರ್ಧ ಕಾಣ್ತಾನೇ ಇಲ್ಲ ಕಣಮ್ಮ. ನನ್ನ ಕಣ್ಣು ಹೋಯ್ತು, ಇನ್ನು ಡಿಸೈನ್ ಬರೆಯೋಕಾಗಲ್ಲ" ಅಂದಿರಿ. ಆ ತಪ್ಪು ಯಂತ್ರದ್ದು. ಅದನ್ನು ನಡೆಸುವ ಲಿನಕ್ಸ್ ಅನ್ನೋ ತಂತ್ರಾಂಶ ಹಾಕಿದವರು, ಚಿತ್ರ ಹರಡುವ ಜಾಗದ ಅಳತೆಯನ್ನು ಪರದೆಗಿಂತ ದೊಡ್ಡದಾಗಿ ಬರೆದಿದ್ದರು. ಅದಕ್ಕೇ ಮೌಸ್ ಅಂಚಿಗೆ ಹೋದಾಗಲೆಲ್ಲ ಚಿತ್ರ ಆಚೆ ಜಾರುತ್ತಿತ್ತು. ಅಳತೆ ಬರೆದಿದ್ದ ಆ ಒಂದು ಸಾಲನ್ನು ಕಂಪ್ಯೂಟರಿನೊಳಗೆ ಹುಡುಕುವುದರಲ್ಲೇ ವಾರ ಕಳೆಯಿತು. ನಡುವೆ ಪರದೆಯೇ ಕಪ್ಪಾಗಿ ಕೂತಿತ್ತು. ಈಗ ಅಳತೆ ಸರಿಮಾಡಿದ್ದೇನೆ, ಸೆರಗು ಇಡಿಯಾಗಿ ಕಾಣುತ್ತದೆ.

ಇಷ್ಟಕ್ಕೇ ಪತ್ರ ಮುಗಿಸೋಣವೆಂದುಕೊಂಡಿದ್ದೆ. ಆದರೆ ಅವತ್ತು ಸೆರಗಿನ ಹಂಸದ ಮೇಲೆ ಬೆರಳಿಟ್ಟು, "ಹಂಸಕ್ಕೆ ಕೊಕ್ಕೇ ಇಲ್ವಲ್ಲಮ್ಮ" ಅಂತಲೂ ಕೇಳಿದಿರಿ. ಕೊಕ್ಕು ಪರದೆಯ ನಡುವೆ, ನಿಮ್ಮ ಬೆರಳಿನ ಪಕ್ಕದಲ್ಲೇ ಇತ್ತು ಅಪ್ಪ.

ಸೋಮವಾರ ರಜೆ ಹಾಕಿದ್ದೇನೆ, ಕಣ್ಣಾಸ್ಪತ್ರೆಗೆ ಹೋಗೋಣ. ಭಾನುವಾರ ಹೊಸಕೋಟೆಯವರೆಗೆ ಅಕ್ಕ ಬಂದು ಬಸ್ಸು ಹತ್ತಿಸಲಿ. ಹಳೆಯ ಕನ್ನಡಕ ಮರೆಯಬೇಡಿ. ನೀವು ಬರುವವರೆಗೆ ಆ ಸೆರಗನ್ನು ಮಗ್ಗಕ್ಕೆ ಕೊಡುವುದಿಲ್ಲ. ಅದರ ಬಣ್ಣ ನೀವೇ ಹೇಳಬೇಕು.

ನಿಮ್ಮ ಮಗಳು,
ಸುಕನ್ಯ