ಸೀಸೆಯ ತಳದ ಹಾಲುಹಲ್ಲು

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅಮ್ಮ,

ಇವತ್ತು ಬೆಳಿಗ್ಗೆ ಕಿಟಕಿಯ ಹಲಗೆ ಒರೆಸಲು ಹೋದಾಗ ನಿನ್ನ ಹಳೇ ಕನ್ನಡಕ ಕಣ್ಣಿಗೆ ಬಿತ್ತು. ಬರೀ ಚೌಕಟ್ಟು. ಅದರ ಕೆಳಗೆ ಎರಡು ಪುಟ್ಟ ಮರಳಿನ ಗುಡ್ಡೆಗಳು, ಯಾರೋ ಚಿಟಿಕೆಯಲ್ಲಿ ತಂದು ಇಟ್ಟ ಹಾಗೆ. ಕಿಟಕಿಯಲ್ಲಿ ಈಗ ಗಾಜಿಲ್ಲ, ಗಾಳಿ ನೇರ ಒಳಗೇ ಬರುತ್ತದೆ. ಆದರೂ ಗುಡ್ಡೆಗಳು ಅಲುಗಿರಲಿಲ್ಲ. ಒರೆಸಲು ಮನಸ್ಸಾಗಲಿಲ್ಲ.

ನಿನಗೆ ಎದೆ ಹೊಡೆದುಕೊಳ್ಳುವ ಮುಂಚೆ ಹೇಳಿಬಿಡುತ್ತೇನೆ. ತಂಗಿ, ತಮ್ಮ ಇಬ್ಬರೂ ಬದುಕಿದ್ದಾರೆ. ಚಿನಕುರಳಿಯ ಅಂಗೈ, ಬೆನ್ನು ಕೊಯ್ದಿವೆ. ಗುಂಡನ ಹೆಬ್ಬೆರಳಿಗೆ ಹೊಲಿಗೆ ಬಿದ್ದಿದೆ; ಅದು ಅವಳೇ ಕಚ್ಚಿದ್ದು. ಈ ಪತ್ರವನ್ನು ಅಪ್ಪನ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದಬೇಡ. ಆಪರೇಷನ್ ಆದ ಸೊಂಟ ಹೊತ್ತು ಅವರು ಎದ್ದು ಹೊರಟುಬಿಟ್ಟಾರು.

ಎಲ್ಲ ಶುರುವಾದದ್ದು ಗುಂಡನ ಮುಂದಿನ ಹಲ್ಲಿನಿಂದ. ನೀವು ಆಸ್ಪತ್ರೆಗೆ ಹೊರಡುವ ಹಿಂದಿನ ದಿನದ ಗಡಿಬಿಡಿಯಲ್ಲಿ ಅದು ಉದುರಿತಲ್ಲ? 'ಓಡು, ಕುಲುಮೆಗೆ ಹಾಕಿ ಬಾ' ಎಂದು ನೀನೇ ಕಳಿಸಿದ್ದೆ. ಬಾಯಲ್ಲಿ ಹಾಲುಹಲ್ಲಿರುವ ತನಕ ನಮ್ಮ ಮನೆಯ ಮಕ್ಕಳು ಜೀನಿಗಳು, ಉದುರಿದ ಹಲ್ಲು ಯಾರ ಮುಷ್ಟಿ ಸೇರುತ್ತದೋ ಅವರೇ ಆ ಮಗುವಿಗೆ ಒಡೆಯರು, ಆದ್ದರಿಂದ ಬಿದ್ದ ಹಲ್ಲು ಕೂಡಲೇ ಸುಟ್ಟು ಬೂದಿಯಾಗಬೇಕು. ಇಷ್ಟೂ ಗುಂಡನಿಗೆ ಬಾಯಿಪಾಠ. ಆದರೆ ಅವನು ಹಲ್ಲನ್ನು ಬೆಂಕಿಗೆ ಎಸೆಯಲಿಲ್ಲ. ಮೂಸೆಯಲ್ಲಿ ಕುದಿಯುತ್ತಿದ್ದ ಗಾಜು ಬೆಂಕಿಗಿಂತ ಚೆನ್ನಾಗಿ ಹೊಳೆಯುತ್ತಿತ್ತಂತೆ. ಅದರೊಳಗೆ ಹಾಕಿ ಕೈ ಮುಗಿದು ಬಂದಿದ್ದಾನೆ. ಅದೇ ಗಾಜಿನಿಂದ ಅಪ್ಪ ಹೊರಡುವ ಮುಂಚಿನ ಕೊನೆಯ ಅತ್ತರಿನ ಸೀಸೆಗಳನ್ನು ಊದಿದರು. ಬೆಂಕಿ ಸುಡಬೇಕಾಗಿದ್ದನ್ನು ಗಾಜು ಜೋಪಾನವಾಗಿ ಇಟ್ಟುಕೊಂಡಿತು.

ಹಲ್ಲು ಸೇರಿದ ಆ ಒಂದು ಸೀಸೆ ಅಂಗಡಿಯಲ್ಲಿ ಯಾರ ಕಣ್ಣಿಗೆ ಬಿತ್ತು ಗೊತ್ತೇ? ಎದುರು ಕಾರ್ಖಾನೆಯ ದೊಡ್ಡಪ್ಪನ ಕಣ್ಣಿಗೆ. ಅವರಿಗಿರುವುದೇ ಒಂದು ಕಣ್ಣು, ಇನ್ನೊಂದು ಅಪ್ಪ ಮಾಡಿಕೊಟ್ಟ ಗಾಜಿನದು. ಆದರೆ ಆ ಒಂದೇ ಕಣ್ಣಿಗೆ ತಳದಲ್ಲಿ ಕೂತ ಬಿಳಿ ಚುಕ್ಕೆ ಏನೆಂದು ತಿಳಿಯಿತು. ಅವರೂ ಒಂದು ಕಾಲಕ್ಕೆ ಜೀನಿಯಾಗಿದ್ದವರೇ ತಾನೆ. ಹಲ್ಲು ಉದುರಿದವು, ಹಸಿವು ಉದುರಲಿಲ್ಲ.

ನಿನ್ನೆ ಮಧ್ಯಾಹ್ನ ಅವರು ಬಂದಾಗ ನಾನು ಕುಲುಮೆ ಆರದಂತೆ ಕಾಯುತ್ತ, ಅದೇ ಕೋಣೆಯಲ್ಲಿ ದೀಪದ ಗಾಜಿನ ಚಿಮಣಿಗಳನ್ನು ಹುಲ್ಲಿನಲ್ಲಿ ಸುತ್ತುತ್ತಿದ್ದೆ. ಮಕ್ಕಳು ಅಲ್ಲೇ ಆಡುತ್ತಿದ್ದರು. ಗುಂಡ ಗೋಲಿಗಳನ್ನು ಕೈ ತಾಗಿಸದೆ ಗಾಳಿಯಲ್ಲಿ ಸುತ್ತಿಸುತ್ತಿದ್ದ, ಚಿನಕುರಳಿ ಹೊಗೆಯಾಗಿ ಅವುಗಳ ನಡುವೆ ನುಸುಳುತ್ತಿದ್ದಳು.

"ಏನಮ್ಮ ಸಾಹಿತ್ಯ, ಮನೆ ಕಾವಲಿಗೆ ನೀನೊಬ್ಳೇನಾ?" ಎಂದರು ದೊಡ್ಡಪ್ಪ. ನಾನು ಸಾಹಿತ್ಯದ ಡಿಗ್ರಿ ಮುಗಿಸಿದಾಗಿನಿಂದ ಅವರು ನನ್ನನ್ನು ಕರೆಯುವುದೇ ಹಾಗೆ. ನಾನು ತಲೆಯಾಡಿಸಿದೆ. "ಬಾಯಲ್ಲೇನು ನೀರು ತುಂಬ್ಕೊಂಡಿದೀಯಾ? ಅಷ್ಟೊಂದು ಪುಸ್ತಕ ಓದಿ ಒಂದು ಮಾತು ಬರಲ್ವಲ್ಲ ನಿಂಗೆ."

ಆಮೇಲೆ ಜೇಬಿನಿಂದ ಸೀಸೆ ತೆಗೆದು ಮುಷ್ಟಿಯಲ್ಲಿ ಹಿಡಿದು, ಬಹಳ ಮೆತ್ತಗೆ, "ಗುಂಡ, ಆ ಸಾಲು ಒಡಿ" ಎಂದರು.

ಗುಂಡನ ಕೈ ತಾನಾಗಿ ಮೇಲೆದ್ದಿತು. ಒಂದು ಗೋಡೆಯ ಚಿಮಣಿಗಳೆಲ್ಲ ಒಟ್ಟಿಗೆ ಸಿಡಿದವು. ಸದ್ದಿಗೆ ಕಿವಿ ಗುಂಯ್ ಎಂದಿತು. ಒಂದು ಚೂರು ನನ್ನ ಕೆನ್ನೆ ಸೀಳಿ ಹೋಯಿತು. ಗುಂಡ ತನ್ನ ಕೈಯನ್ನೇ ನೋಡುತ್ತ, "ಅಕ್ಕಾ, ಕೈ ನನ್ ಮಾತು ಕೇಳ್ತಿಲ್ಲ!" ಎಂದು ಕಿರುಚಿದ.

"ಈಗ ಇವಳ ಬಾಯಲ್ಲಿರೋ ಹಾಲುಹಲ್ಲೆಲ್ಲ ಕಿತ್ತು ನನ್ನ ಕೈಗೆ ಕೊಡು" ಎಂದು ದೊಡ್ಡಪ್ಪ ಚಿನಕುರಳಿಯ ಕಡೆ ಬೆರಳು ತೋರಿಸಿದರು.

ಅಪ್ಪನ ಇಕ್ಕಳ ಮೊಳೆಯಿಂದ ಕಳಚಿ ಹಾರಿ ಗುಂಡನ ಕೈಗೆ ಬಂತು. ಚಿನಕುರಳಿ ಹೊಗೆಯಾಗಿ ಸೂರಿಗೆ ಏರಿದಳು. ಅಲ್ಲಿಂದಲೇ, "ಬಾರೋ ಬೋಡಾ! ನಿನಗೇ ಹಲ್ಲಿಲ್ಲ, ನನ್ನ ಹಲ್ಲು ಕೀಳ್ತೀಯಾ?" ಎಂದು ಅಣಕಿಸಿದಳು. ಗುಂಡ ಅಳುತ್ತಲೇ ಉಸಿರು ಎಳೆದ. ಹೊಗೆಯೆಲ್ಲ ಕೆಳಗೆ ಜಾರಿ ಬಂದು, ಮಧ್ಯದಲ್ಲೇ ಹುಡುಗಿಯಾಗಿ, ಒಡೆದ ಗಾಜಿನ ಮೇಲೆ ದೊಪ್ಪನೆ ಬಿತ್ತು. ಅವನು ಅವಳ ಎದೆಯ ಮೇಲೆ ಕೂತ. ಇಕ್ಕಳ ಅವಳ ಬಾಯೊಳಗೆ ಹೋಯಿತು. ಅವಳು ಅವನ ಹೆಬ್ಬೆರಳನ್ನು ಮೂಳೆ ಮುಟ್ಟುವ ತನಕ ಕಚ್ಚಿದಳು. ಅವನು ಬಿಡಲಿಲ್ಲ. ಬಿಡಲು ಅವನಿಂದ ಆಗುತ್ತಿರಲಿಲ್ಲ. "ಸಾರಿ ಅಕ್ಕ, ಸಾರಿ ಅಕ್ಕ" ಎನ್ನುತ್ತಲೇ ಇಕ್ಕಳ ತಿರುಚುತ್ತಿದ್ದ.

ಅಮ್ಮ, ನಾನು ಅಪ್ಪನ ಸ್ಟೂಲು ಎತ್ತಿ ದೊಡ್ಡಪ್ಪನ ಬೆನ್ನಿಗೆ ಹೊಡೆದೆ. ಸಂತೆಯಲ್ಲಿ ಚಿಲ್ಲರೆ ವಾಪಸ್ ಕೇಳಲು ಹೆದರುವ ನಾನು. ಅವರು ಮುಗ್ಗರಿಸಿದರು, ಆದರೆ ಸೀಸೆ ಬಿಡಲಿಲ್ಲ. "ಆ ದೊಡ್ಡವಳನ್ನ ಬಿಸಾಕೋ!" ಎಂದು ಕೂಗಿದರು. ಗುಂಡ ಬಿಡುವಿದ್ದ ಕೈ ಬೀಸಿದ. ನನ್ನ ಕಾಲು ನೆಲ ಬಿಟ್ಟದ್ದು ನೆನಪಿದೆ. ದವಡೆ ಕಂಬಕ್ಕೆ ಬಡಿದದ್ದೂ ನೆನಪಿದೆ.

ಕಣ್ಣು ತೆರೆದಾಗ ನೆಲದ ರಕ್ತದಲ್ಲಿ ಒಂದು ಹಲ್ಲು ಬಿದ್ದಿತ್ತು. ಯಾರದೆಂದು ಆಮೇಲೆ ಹೇಳುತ್ತೇನೆ. ಚಿನಕುರಳಿ ಒಂದು ಕೈ ಬಿಡಿಸಿಕೊಂಡು, ಗಾಜಿನ ಚೂರುಗಳ ಮೇಲೆಯೇ ಅಂಗೈ ಎಳೆಯುತ್ತ ಅದನ್ನು ಮುಟ್ಟಿದಳು, ಮುಷ್ಟಿ ಕಟ್ಟಿದಳು. ಬಾಯಲ್ಲಿ ಇಕ್ಕಳ ಇದ್ದ ಹಾಗೆಯೇ ಕಿರುಚಿದಳು: "ಗಾಜೆಲ್ಲ ಮರಳಾಗ್ಲಿ!"

ಚಿಕ್ಕವಳು, ಅಳೆದು ತೂಗಿ ಕೇಳಲು ಅವಳಿಗೆ ಬರುವುದಿಲ್ಲ. 'ಆ ಸೀಸೆ' ಎಂದಿದ್ದರೆ ಸಾಕಿತ್ತು. ಅವಳು 'ಎಲ್ಲ' ಎಂದಳು. ನಮ್ಮ ಸೂರಿನ ಕೆಳಗಿನ ಗಾಜೆಲ್ಲ ಒಂದೇ ಸಲ ಕುಸಿಯಿತು. ಕಿಟಕಿ, ಬಲ್ಬು, ಗಡಿಯಾರದ ಮುಖ, ಕನ್ನಡಿ, ಕಟ್ಟಿಟ್ಟ ಸರಕು, ಚಿನಕುರಳಿಯ ಬೆನ್ನಿಗೆ ಚುಚ್ಚಿದ್ದ ಚೂರುಗಳು, ನಿನ್ನ ಕನ್ನಡಕ. ದೊಡ್ಡಪ್ಪನ ಮುಷ್ಟಿಯಿಂದ ಮರಳು ಸುರಿಯಿತು. ಅದರ ಜೊತೆ ಗುಂಡನ ಹಲ್ಲೂ ಜಾರಿ ಬಿತ್ತು. ಅವರ ಬಲಗಣ್ಣಿನಿಂದಲೂ ಮರಳು ಸುರಿಯತೊಡಗಿತು. ಸಣ್ಣಗೆ, ನಿಲ್ಲದೆ, ಕೆನ್ನೆಯ ಮೇಲಿಂದ ಅಂಗಿಯ ಕಾಲರಿನೊಳಕ್ಕೆ. ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮಂಡಿಯೂರಿದರು. ಆ ಕೂಗನ್ನು ನಾನು ಬರೆಯಲಾರೆ.

ಗುಂಡ ಇಕ್ಕಳ ಎಸೆದು ಎದ್ದ. ಕೈ ಈಗ ಅವನ ಮಾತು ಕೇಳುತ್ತಿತ್ತು. ಅದೇ ಭಯವಾದದ್ದು. ಕುಲುಮೆಯ ಬಾಯಲ್ಲಿದ್ದ ಊದುಕೊಳವೆ ಎಳೆದುಕೊಂಡ, ತುದಿ ಇನ್ನೂ ಕೆಂಪಗಿತ್ತು. ಮೊದಲ ಏಟಿಗೆ ದೊಡ್ಡಪ್ಪನ ಮಣಿಕಟ್ಟು ಮುರಿಯಿತು. ಒಣಗಿದ ಕಡ್ಡಿ ಮುರಿದ ಸದ್ದು. ಎರಡನೆಯದಕ್ಕೆ ಕೊಳವೆ ತಲೆಯ ಮೇಲಕ್ಕೆ ಎತ್ತಿದ.

ಅಷ್ಟರಲ್ಲಿ ನಾನು ತೆವಳಿ ಬಂದು ಮರಳಿನಲ್ಲಿ ಅವನ ಹಲ್ಲು ಹುಡುಕಿದ್ದೆ. ಅದು ನನ್ನ ಮುಷ್ಟಿಯಲ್ಲಿತ್ತು. 'ನಿಲ್ಲು' ಎಂದಿದ್ದರೆ ನಿಲ್ಲುತ್ತಿದ್ದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಗಷ್ಟೆ ಅವನ ಮುಖ ನೋಡಿದ್ದೆ, ಬೇರೆಯವರ ಮಾತಿಗೆ ಕೈ ಎತ್ತುತ್ತ ಅಳುತ್ತಿದ್ದ ಮುಖ. ನಾನು ಅವನ ಇನ್ನೊಂದು ಕೈ ಹಿಡಿದು ಹಲ್ಲನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

"ಇದು ನಿಂದು ಕಣೋ. ಈಗ ನಿಂಗೆ ನೀನೇ ಒಡೆಯ. ಏನ್ ಹೇಳ್ತೀಯೋ ಹೇಳ್ಕೋ" ಎಂದೆ.

ಅವನು ದೊಡ್ಡಪ್ಪನನ್ನು ನೋಡಿದ. ಚಿನಕುರಳಿಯ ಬಾಯಿಂದ ಸೋರುತ್ತಿದ್ದ ರಕ್ತ ನೋಡಿದ. ಒಂದು ಕ್ಷಣ ಅವನು ಏನು ಹೇಳಿಕೊಳ್ಳುತ್ತಾನೋ ನನಗೂ ತಿಳಿಯದಾಯಿತು. ಮೂಗು ಎಳೆದುಕೊಂಡು, "ಸಾಕು ಗುಂಡ" ಎಂದ. "ಬಿಡು. ಸಾಕು." ಕೊಳವೆ ಹಿಡಿದ ಬೆರಳುಗಳು ಒಂದೊಂದಾಗಿ ತೆರೆದುಕೊಂಡವು.

ದೊಡ್ಡಪ್ಪನ ಮುಖಕ್ಕೆ ಟವೆಲ್ ಸುತ್ತಿ, ನಾನೇ ತೋಳು ಹಿಡಿದು ಬೀದಿ ದಾಟಿಸಿದೆ. ಯಾರೂ ಏನೂ ಕೇಳಲಿಲ್ಲ. ಗಾಜು ಊದುವವರ ಬೀದಿಯಲ್ಲಿ ರಕ್ತ ಹೊಸದಲ್ಲ. ಅವರ ಬಾಗಿಲಲ್ಲಿ ನಿಂತು, "ಇನ್ನೊಂದು ಸಲ ನಮ್ಮ ಹೊಸಿಲು ದಾಟಿದ್ರೆ ನಾನು ಯಾರನ್ನೂ ತಡೆಯಲ್ಲ ದೊಡ್ಡಪ್ಪ" ಎಂದೆ. ಮೆತ್ತಗೇ ಹೇಳಿದೆ. ಅವರಿಗೆ ಕೇಳಿಸಿತು.

ಈಗ ಮಕ್ಕಳು ಮಲಗಿದ್ದಾರೆ, ಒಬ್ಬರ ಕಾಲು ಇನ್ನೊಬ್ಬರ ಮೇಲೆ. ಚಿನಕುರಳಿಯ ಹಲ್ಲುಗಳೆಲ್ಲ ಅಲ್ಲಲ್ಲೇ ಇವೆ, ಒಂದು ಮಾತ್ರ ಅಲುಗಾಡುತ್ತಿದೆ. ಗುಂಡನ ಹಲ್ಲನ್ನು ಕುಲುಮೆಗೆ ಹಾಕಲಿಲ್ಲ. ಸುಟ್ಟರೆ ಹಲ್ಲಿನ ಜೊತೆ ಅದರ ಶಕ್ತಿಯೂ ಸುಡುತ್ತದೆ. ಒಡೆಯರ ಭಯಕ್ಕೆ ನೀವೆಲ್ಲ ಹಾಗೆ ಸುಟ್ಟುಕೊಂಡಿರಿ. ನಿನ್ನ ಹಳೇ ರವಿಕೆಯ ತೋಳಿನಿಂದ ಪುಟ್ಟ ಚೀಲ ಹೊಲಿದು ಅವನ ಕೊರಳಿಗೆ ಕಟ್ಟಿದ್ದೇನೆ. ಅವಳದು ಬಿದ್ದ ದಿನ ಅವಳಿಗೂ ಒಂದು ಸಿದ್ಧವಿದೆ. ನೀನು ಬಂದು ಬೈಯುತ್ತೀಯ ಎಂದು ಗೊತ್ತು. ಬೈಸಿಕೊಳ್ಳುತ್ತೇನೆ, ಬಿಚ್ಚುವುದಿಲ್ಲ.

ಅಪ್ಪನಿಗೆ ಸದ್ಯಕ್ಕೆ ಇಷ್ಟೇ ಹೇಳು: ಸರಕು ಸ್ವಲ್ಪ ಹಾಳಾಗಿದೆ, ಮರಳಿಗೆ ಮಾತ್ರ ಈ ವರ್ಷ ಲಾರಿ ಕರೆಸಬೇಕಾಗಿಲ್ಲ.

ಇಂತಿ,
ನಿನ್ನ ಮೌನಗೌರಿ

ಮರೆತಿದ್ದು: ಮರಳಿನ ಗುಡ್ಡೆ ಎಂದ ಕೂಡಲೇ ನೀನು ಊಹಿಸಿರುತ್ತೀಯ. ಚಿಕ್ಕವಳಿದ್ದಾಗ ನಿನ್ನ ಸ್ವೆಟರನ್ನು ಮತ್ತೆ ಉಣ್ಣೆಯ ಉಂಡೆ ಮಾಡಿದವಳು, ಬ್ರೆಡ್ಡನ್ನು ಹಿಟ್ಟು ಮಾಡಿದವಳು ಈ ಮನೆಯಲ್ಲಿ ಒಬ್ಬಳೇ ಇದ್ದಳು. ನೆಲದಲ್ಲಿ ಬಿದ್ದಿದ್ದ ಹಲ್ಲು ನನ್ನದು, ಅದನ್ನು ಹಿಡಿದವಳ ಮಾತಿನಂತೆ ಗಾಜನ್ನು ಮರಳು ಮಾಡಿದವಳೂ ನಾನೇ. ಹಿಂದಿನ ಸಾಲಿನ ಒಂದು ಹಾಲುಹಲ್ಲು ಇಷ್ಟು ವರ್ಷವಾದರೂ ಉದುರಿರಲಿಲ್ಲ. ದಿನಾ ನನ್ನ ಪಕ್ಕ ನಿಂತು ಹಲ್ಲುಜ್ಜುವ ಚಿನಕುರಳಿಗೆ ಮಾತ್ರ ಗೊತ್ತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದದ್ದು ನಾಚಿಕೆಗಲ್ಲ ಅಮ್ಮ, ಯಾರಾದರೂ ಕಂಡಾರೆಂಬ ಹೆದರಿಕೆಗೆ. ಹೊಲಿದದ್ದು ಮೂರು ಚೀಲ. ನನ್ನದನ್ನು ಮುಷ್ಟಿಯಲ್ಲಿ ಹಿಡಿದು ನನಗೆ ನಾನೇ ಹೇಳಿಕೊಂಡ ಮೊದಲ ಮಾತು, 'ಅಮ್ಮನಿಗೆ ಎಲ್ಲ ಬರಿ.' ಎರಡನೆಯದು ನೀನು ಬಂದಾಗ ತಿಳಿಯುತ್ತದೆ. ಬಾಗಿಲಿಗೆ ಬಂದು, ಕೈ ಅಡ್ಡ ಹಿಡಿಯದೆ, ಬಾಯಿ ತುಂಬ ನಗುತ್ತೇನೆ.